ಗಿಣಿಯ ಬಟ್ಟಲಲ್ಲಿ ಕೋಳಿಮಾಂಸ

ಸಾಕಿದ ಗಿಣಿಗೆ ಬೇಯಿಸಿದ ಕೋಳಿಮಾಂಸ, ಮೂಳೆ ಕೊಡಬಹುದೇ ಎಂಬ ಪ್ರಶ್ನೆಯನ್ನು ಜನ ಸಾಮಾನ್ಯವಾಗಿ ಪಶುವೈದ್ಯರ ಮುಂದೆ ಇಡುತ್ತಾರೆ. ಕೇಳುವವರ ಮನಸ್ಸಿನಲ್ಲಿ ಆರೋಗ್ಯದ ಚಿಂತೆಯ ಜೊತೆಗೆ ಇನ್ನೊಂದು ಅಳುಕೂ ಇರುತ್ತದೆ. ಹಕ್ಕಿಗೆ ಹಕ್ಕಿಯನ್ನೇ ತಿನ್ನಿಸುವುದು ಸರಿಯೇ? ಹಣ್ಣು ಕಾಳು ತಿಂದುಕೊಂಡಿರುವ ಸಾಧು ಜೀವಕ್ಕೆ ಮಾಂಸದ ರುಚಿ ಹತ್ತಿಸಿದರೆ ಅದರ ಪಾಪ ಯಾರ ತಲೆಗೆ? ಮೊದಲ ಚಿಂತೆಗೆ ಉತ್ತರ ಹಕ್ಕಿಯ ದೇಹದಲ್ಲೇ ಇದೆ. ಎರಡನೆಯದಕ್ಕೆ ಭಾರತದ ಧರ್ಮಚಿಂತನೆ ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಉತ್ತರ ಹುಡುಕುತ್ತಲೇ ಬಂದಿದೆ. ಸಿಕ್ಕ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ.

ಗಿಣಿ ಶುದ್ಧ ಸಸ್ಯಾಹಾರಿ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಗಿಣಿ ಜಾತಿಯ ಹೆಚ್ಚಿನ ಹಕ್ಕಿಗಳು ಕಾಳು, ಕಾಯಿ, ಹಣ್ಣು, ಚಿಗುರು, ಮಕರಂದಗಳ ಮೇಲೆ ಬದುಕುತ್ತವೆ. ಆದರೆ ಆಸ್ಟ್ರೇಲಿಯಾದ ಹಳದಿ ಬಾಲದ ಕಪ್ಪು ಕಾಕಟೂ ಮರದ ಕಾಂಡವನ್ನು ಸಿಗಿದು ಒಳಗಿನ ಕೊರೆಹುಳುಗಳನ್ನು ಹೆಕ್ಕಿ ತಿನ್ನುತ್ತದೆ. ನ್ಯೂಜಿಲೆಂಡಿನ ದಕ್ಷಿಣಕ್ಕಿರುವ ಆಂಟಿಪೊಡೀಸ್ ದ್ವೀಪಗಳ ಹಸಿರು ಗಿಣಿ, ಬಿಲಗಳಲ್ಲಿ ಗೂಡು ಮಾಡುವ ಪುಟ್ಟ ಕಡಲಹಕ್ಕಿಗಳನ್ನು ಕೊಂದು ತಿನ್ನುವುದುಂಟು. ನ್ಯೂಜಿಲೆಂಡಿನದೇ ಹಿಮಬೆಟ್ಟಗಳ ಕಿಯಾ ಗಿಣಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬದುಕಿರುವ ಕುರಿಯ ಬೆನ್ನೇರಿ, ಚರ್ಮ ಹರಿದು, ಮೂತ್ರಪಿಂಡದ ಸುತ್ತಲಿನ ಕೊಬ್ಬನ್ನು ಕುಕ್ಕುತ್ತದೆ. ಅಂದ ಮೇಲೆ ಗಿಣಿಗೆ ಮಾಂಸ ಅಸಹಜ ಎಂದು ಸಾರಾಸಗಟಾಗಿ ಹೇಳಲಾಗದು. ನಮ್ಮ ಊರುಗಳಲ್ಲಿ ಕಾಣುವ ಕೆಂಪು ಕೊಕ್ಕಿನ ಹಸಿರು ಗಿಣಿ ಮಾತ್ರ ಬಹುಮಟ್ಟಿಗೆ ಕಾಳು ಹಣ್ಣುಗಳ ಹಕ್ಕಿಯೇ.

‘ಹಕ್ಕಿಗೆ ಹಕ್ಕಿ’ ಎಂಬ ಅಳುಕಿಗೂ ಜೀವವಿಜ್ಞಾನದಲ್ಲಿ ಬಲವಾದ ಆಧಾರ ಸಿಗುವುದಿಲ್ಲ. ಕೋಳಿಯ ವಂಶವೂ ಗಿಣಿಯ ವಂಶವೂ ಬೇರೆಯಾದದ್ದು ಡೈನೋಸಾರ್‌ಗಳು ಅಳಿಯುವುದಕ್ಕಿಂತ ಮೊದಲು, ಅಂದರೆ 6.6 ಕೋಟಿ ವರ್ಷಗಳಿಗೂ ಹಿಂದೆ. ವಂಶವಾಹಿಗಳ ಅಧ್ಯಯನ ತೋರಿಸಿರುವಂತೆ ಗಿಣಿಗೆ ಅತಿ ಹತ್ತಿರದ ನೆಂಟರು ಗುಬ್ಬಚ್ಚಿ, ಕಾಗೆಗಳ ಗುಂಪಿನವು. ಅವುಗಳ ಬೆನ್ನಿಗೇ ಬರುವುದು ಬೇಟೆಯಾಡಿ ಬದುಕುವ ಚಾಣ. ಕೋಳಿ ಬಹಳ ದೂರದ ಸಂಬಂಧ. ಮನುಷ್ಯ ಕುರಿಮಾಂಸ ತಿಂದರೆ ಅದನ್ನು ಯಾರೂ ಸ್ವಜಾತಿಭಕ್ಷಣೆ ಎನ್ನುವುದಿಲ್ಲ. ಗಿಣಿ ಕೋಳಿ ತಿನ್ನುವುದೂ ಅಂಥದ್ದೇ. ರೆಕ್ಕೆ ಗರಿ ಎರಡಕ್ಕೂ ಇವೆ ಎಂಬುದು ನೋಡುವವರ ಕಣ್ಣಿಗೆ ಕಾಣುವ ಹೋಲಿಕೆ, ಹಕ್ಕಿಯ ಹೊಟ್ಟೆಗೆ ಅದರಿಂದ ವ್ಯತ್ಯಾಸವಿಲ್ಲ.

ಹಾಗಾದರೆ ಕೊಡಬಹುದೇ? ಬೇಯಿಸಿದ ಕೋಳಿಮಾಂಸ ಗಿಣಿಗೆ ವಿಷವಲ್ಲ. ಆಫ್ರಿಕನ್ ಗ್ರೇ, ಅಮೆಜಾನ್, ಮಕಾವ್‌ನಂಥ ದೊಡ್ಡ ಗಿಣಿಗಳನ್ನು ಸಾಕುವ ಎಷ್ಟೋ ಮನೆಗಳಲ್ಲಿ ಅದನ್ನು ಆಗೊಮ್ಮೆ ಈಗೊಮ್ಮೆ ಕೊಡುವ ರೂಢಿಯಿದೆ. ಆದರೆ ಹೇಗೆ ಕೊಡುತ್ತಾರೆ ಎಂಬುದರ ಮೇಲೆ ಹಕ್ಕಿಯ ಜೀವ ನಿಂತಿದೆ. ನಮ್ಮ ಅಡುಗೆಮನೆಯ ಕೋಳಿಸಾರಿನ ಮಾಂಸ ಗಿಣಿಗೆ ಆಗದು. ಅದರಲ್ಲಿ ಉಪ್ಪು, ಖಾರ, ಎಣ್ಣೆಗಳ ಜೊತೆಗೆ ಈರುಳ್ಳಿ ಬೆಳ್ಳುಳ್ಳಿಯೂ ಬೆರೆತಿರುತ್ತದೆ, ಈ ಕೊನೆಯವೆರಡು ಹಕ್ಕಿಗಳ ರಕ್ತಕಣಗಳಿಗೆ ಹಾನಿ ಮಾಡುತ್ತವೆ. ಮಸಾಲೆ ಬೀಳುವ ಮೊದಲೇ ಚರ್ಮ, ಕೊಬ್ಬು ತೆಗೆದ ಒಂದು ತುಂಡನ್ನು ಬೇರೆ ಪಾತ್ರೆಯಲ್ಲಿ ಬರೀ ನೀರಿನಲ್ಲಿ ಬೇಯಿಸಬೇಕು. ಒಳಗೆ ಗುಲಾಬಿ ಬಣ್ಣ ಒಂದಿಷ್ಟೂ ಉಳಿಯಬಾರದು. ಥರ್ಮಾಮೀಟರ್ ಇದ್ದವರಿಗೆ ಮಾಂಸದ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಲ್ಮೊನೆಲ್ಲಾದಂಥ ರೋಗಾಣುಗಳು ಸತ್ತವೆಂದು ಲೆಕ್ಕ. ಆರಿದ ಮೇಲೆ ನಾರುನಾರಾಗಿ ಬಿಡಿಸಿ, ದೊಡ್ಡ ಗಿಣಿಗೂ ಕಡಲೆಕಾಳಿನ ಗಾತ್ರದ ಒಂದೆರಡು ಚೂರು ಸಾಕು, ಅದೂ ವಾರಕ್ಕೊಮ್ಮೆ. ತಿನ್ನದೆ ಬಿಟ್ಟದ್ದನ್ನು ಎರಡು ಗಂಟೆಯೊಳಗೆ ಬಟ್ಟಲಿನಿಂದ ತೆಗೆಯಬೇಕು. ನಮ್ಮ ಬೇಸಗೆಯಲ್ಲಿ ಇನ್ನೂ ಬೇಗ.

ಮೂಳೆಯ ವಿಷಯ ಹೆಚ್ಚು ಸೂಕ್ಷ್ಮ. ನಾಯಿ ಮೂಳೆಯನ್ನು ಕಚಕ್ಕನೆ ಕಡಿದು ನುಂಗುತ್ತದೆ. ಗಿಣಿ ಹಾಗಲ್ಲ. ಒಂದು ಕಾಲಿನಲ್ಲಿ ಕೋಳಿಯ ತೊಡೆಮೂಳೆಯನ್ನು ಹಿಡಿದು, ಬಾಯಿಯ ಹತ್ತಿರ ತಂದು, ದಪ್ಪ ನಾಲಗೆಯಿಂದ ಹೊರಳಿಸಿ ಹೊರಳಿಸಿ ಹದ ನೋಡುತ್ತದೆ. ಆಮೇಲೆ ಕೀಲಿನ ತುದಿಯ ಮೆದು ಎಲುಬನ್ನು ಕೊಕ್ಕಿನಿಂದ ಚೂರುಚೂರಾಗಿ ಕೆರೆದು, ನಡುವಿನ ಕೊಳವೆಯನ್ನು ಸೀಳಿ, ಒಳಗಿನ ಮಜ್ಜೆಯನ್ನು ನೆಕ್ಕುತ್ತದೆ. ತಿಂದದ್ದಕ್ಕಿಂತ ಹೆಚ್ಚು ಪಂಜರದ ತಳಕ್ಕೆ ಉದುರುತ್ತದೆ. ಮೂಳೆಯಿಂದ ಅಪಾಯವಿಲ್ಲ ಎಂದು ಕೆಲವು ಪಕ್ಷಿವೈದ್ಯರು ಹೇಳುವುದು ಈ ಅಭ್ಯಾಸವನ್ನು ನೋಡಿಯೇ. ಬೇಯಿಸಿದ ಮೂಳೆ ಚೂಪಾಗಿ ಸಿಗಿಯುತ್ತದೆ, ಸಿಗುರು ಬಾಯಿಗೋ ಕುತ್ತಿಗೆಯ ಬುಡದ ಆಹಾರಚೀಲಕ್ಕೋ ಕರುಳಿಗೋ ಚುಚ್ಚಬಹುದು, ಆದ್ದರಿಂದ ಬೇಡವೇ ಬೇಡ ಎನ್ನುವವರೂ ಇದ್ದಾರೆ. ಗೂಬೆ ಚಾಣಗಳು ಜೀರ್ಣವಾಗದ್ದನ್ನು ಉಂಡೆ ಕಟ್ಟಿ ಕಕ್ಕುತ್ತವೆ. ಗಿಣಿಗೆ ಆ ಸೌಲಭ್ಯವಿಲ್ಲ, ಒಳಗೆ ಹೋದದ್ದು ಒಳಗಿನ ದಾರಿಯಲ್ಲೇ ಸಾಗಬೇಕು. ಪಕ್ಕೆಲುಬು, ರೆಕ್ಕೆಯ ಮೂಳೆ, ಕಬಾಬಿನ ಒಣಗಿ ಗರಿಗರಿಯಾದ ಮೂಳೆ, ಮೀನಿನ ಮುಳ್ಳು ಇವನ್ನು ಯಾವ ಕಾರಣಕ್ಕೂ ಕೊಡಬಾರದು. ಕೊಡಲೇಬೇಕೆಂದರೆ ನೀರಿನಲ್ಲಿ ಬೆಂದ ದಪ್ಪ ತೊಡೆಮೂಳೆಯೊಂದನ್ನು ದೊಡ್ಡ ಗಿಣಿಗೆ ಮಾತ್ರ, ಎದುರಿಗೆ ಕುಳಿತು, ಅದು ಸೀಳತೊಡಗಿದ ಕೂಡಲೇ ತೆಗೆಯುವ ಷರತ್ತಿನ ಮೇಲೆ ಕೊಡಬಹುದು. ಊಟದ ತಟ್ಟೆಯಲ್ಲಿ ಕಚ್ಚಿ ಬಿಟ್ಟ ಮೂಳೆ ಕೂಡದು. ಮನುಷ್ಯನ ಬಾಯಿಯ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಗಿಣಿಗೆ ಸೋಂಕು ತರುತ್ತವೆ. ಎಂಜಲು ಕೊಡಬಾರದೆಂಬ ಮನೆಯ ಹಿರಿಯರ ಮಡಿಯೂ ವೈದ್ಯರ ಸಲಹೆಯೂ ಇಲ್ಲಿ ಒಂದೇ ಮಾತು ಹೇಳುತ್ತವೆ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಒಂದು ಸಂಗತಿ ಉಳಿಯುತ್ತದೆ: ಗಿಣಿಗೆ ಮಾಂಸ ಅಗತ್ಯವೇ ಇಲ್ಲ. ಒಳ್ಳೆಯ ಪೆಲೆಟ್ ಆಹಾರ, ಸೊಪ್ಪು, ಕ್ಯಾರೆಟ್, ಕುಂಬಳ, ಮೊಳಕೆ ಕಟ್ಟಿದ ಕಾಳು, ಮಿತವಾಗಿ ಹಣ್ಣು ಇದ್ದರೆ ಅದರ ಪ್ರೋಟೀನು ಜೀವಸತ್ವಗಳ ಲೆಕ್ಕ ತುಂಬುತ್ತದೆ. ಬೆಕ್ಕಿನ ಕತೆ ಬೇರೆ. ಟಾರಿನ್‌ನಂಥ ಪೋಷಕಾಂಶ ಸಾಲದೆ ಬಂದರೆ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡುತ್ತವೆ, ಅದು ಮಾಂಸದಲ್ಲಿ ಸಹಜವಾಗಿ ಸಿಗುತ್ತದೆ. ಸಸ್ಯಾಹಾರಿ ಮನೆಯವರು ಬೆಕ್ಕನ್ನು ಸಾಕಿ ಮೊಸರನ್ನದಲ್ಲೇ ಇಟ್ಟರೆ ಅದಕ್ಕೆ ಅನ್ಯಾಯವಾಗುತ್ತದೆ. ಗಿಣಿಗೆ ಮಾಂಸ ಕೊಡದಿದ್ದರೆ ಏನೂ ಅನ್ಯಾಯವಿಲ್ಲ. ಹಾಗೆ ನೋಡಿದರೆ ಆಫ್ರಿಕನ್ ಗ್ರೇ, ಅಮೆಜಾನ್ ಗಿಣಿಗಳಿಗೆ ರಕ್ತನಾಳ ಗಟ್ಟಿಯಾಗುವ ಕಾಯಿಲೆ ಸಾಮಾನ್ಯ, ಕೊಬ್ಬಿನ ತಿನಿಸು ಅವುಗಳಿಗೆ ಕೇಡೇ ಹೆಚ್ಚು. ಅಗತ್ಯವಿಲ್ಲದ್ದನ್ನು ಕೊಡುವಾಗ ಕೊಡುವವರ ಹೊಣೆ ಹೆಚ್ಚುತ್ತದೆ. ಧರ್ಮದ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ಗಿಣಿ, ಹುಂಜ, ಜೀವಕ್ಕೆ ಜೀವವನ್ನು ಉಣಿಸುವ ಮಾತು, ಈ ಮೂರೂ ಒಂದೇ ಕಡೆ ಬರುವ ಹಳೆಯ ಬರಹವೊಂದಿದೆ. ಅದು ಅಶೋಕನ ಐದನೆಯ ಸ್ತಂಭಶಾಸನ. ಪಟ್ಟಕ್ಕೆ ಬಂದು 26 ವರ್ಷಗಳಾದಾಗ, ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ, ಅವನು ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೊಂದನ್ನು ಕಂಬಗಳ ಮೇಲೆ ಕೆತ್ತಿಸಿದ. ಆ ಪಟ್ಟಿ ಆರಂಭವಾಗುವುದೇ ಗಿಣಿಯಿಂದ, ಅದರ ಪಕ್ಕದಲ್ಲಿ ಮೈನಾ. ಕೋಳಿ ಆ ಪಟ್ಟಿಯಲ್ಲಿಲ್ಲ, ಆದರೆ ಹುಂಜಗಳ ಬೀಜ ತೆಗೆಯಬಾರದೆಂಬ ಆಜ್ಞೆ ಮುಂದೆ ಬರುತ್ತದೆ. ಜೀವಿಗಳಿರುವ ಹೊಟ್ಟನ್ನು ಸುಡಬಾರದು, ಒಂದು ಜೀವದಿಂದ ಇನ್ನೊಂದು ಜೀವವನ್ನು ಪೋಷಿಸಬಾರದು ಎಂಬ ಮಾತುಗಳೂ ಅಲ್ಲಿವೆ. ಕೊನೆಯ ಆಜ್ಞೆಯನ್ನು ಎಷ್ಟು ದೂರಕ್ಕೆ ಒಯ್ಯಬೇಕು? ಬದುಕಿರುವ ಪ್ರಾಣಿಯನ್ನು ಇನ್ನೊಂದರ ಬಾಯಿಗೆ ಒಡ್ಡಬಾರದು ಎಂದಷ್ಟೇ ಓದಿದರೆ ಬೇಯಿಸಿದ ಮಾಂಸಕ್ಕೆ ಅದು ತಾಕುವುದಿಲ್ಲ. ಸಾಕುಪ್ರಾಣಿಯ ಹೊಟ್ಟೆಗಾಗಿ ಇನ್ನೊಂದು ಪ್ರಾಣಿ ಸಾಯಬಾರದು ಎಂದು ಓದಿದರೆ ತಾಕುತ್ತದೆ. ಏನೇ ಇರಲಿ, ಪ್ರಾಣಿಗೆ ಏನು ಉಣಿಸುತ್ತೇವೆ ಎಂಬುದನ್ನು ರಾಜನೊಬ್ಬ ಧರ್ಮದ ವಿಷಯವೆಂದು ಎಣಿಸಿದ್ದು ದೊಡ್ಡದು. ತಾನು ತಿನ್ನುವುದಕ್ಕೆ ಮಾತ್ರವಲ್ಲ, ತಿನ್ನಿಸುವುದಕ್ಕೂ ಮನುಷ್ಯ ಉತ್ತರ ಹೇಳಬೇಕು ಎಂಬ ತತ್ವ ಅಲ್ಲಿದೆ.

ಮನುಸ್ಮೃತಿಯ ಐದನೆಯ ಅಧ್ಯಾಯ ಈ ಹೊಣೆಯನ್ನು ಹಂಚಿ ತೋರಿಸುತ್ತದೆ. ಕೊಲ್ಲಲು ಒಪ್ಪಿದವನು, ಕತ್ತರಿಸಿದವನು, ಕೊಂದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು, ಎಲ್ಲರೂ ಘಾತಕರೇ ಎನ್ನುತ್ತದೆ ಅದು. ಯಜ್ಞದ ಮಾಂಸಕ್ಕೆ ಅದೇ ಅಧ್ಯಾಯ ಅನುಮತಿ ಕೊಡುತ್ತದೆ ಎಂಬುದನ್ನೂ ಮರೆಯಬಾರದು. ಗಿಣಿಯ ಮುಂದೆ ಬಟ್ಟಲಿಡುವವರು ಈ ಪಟ್ಟಿಯಲ್ಲಿ ಬಡಿಸಿದವರ ಸಾಲಿಗೆ ಬರುತ್ತಾರೆ, ಬೇಯಿಸಿದ್ದೂ ಅವರೇ ಆದರೆ ಎರಡು ಸಾಲಿಗೆ. ತಿಂದವನ ಸ್ಥಾನದಲ್ಲಿರುವ ಗಿಣಿಗೆ ಮಾತ್ರ ಪಾಪ ಅಂಟುವುದಿಲ್ಲ. ವೈದಿಕ ದರ್ಶನಗಳ ಸಾಮಾನ್ಯ ನಿಲುವಿನಂತೆ ಪ್ರಾಣಿಜನ್ಮ ಹಿಂದಿನ ಕರ್ಮವನ್ನು ಉಣ್ಣುವ ಜನ್ಮ, ಹೊಸ ಕರ್ಮ ಗಳಿಸುವ ಜನ್ಮವಲ್ಲ. ವಿಧಿ ನಿಷೇಧಗಳು ಅದಕ್ಕೆ ಅನ್ವಯಿಸುವುದಿಲ್ಲ.

ಜೈನರು ಇದನ್ನು ಇನ್ನೂ ಸೂಕ್ಷ್ಮವಾಗಿ ವಿಂಗಡಿಸಿದರು. ತಾನೇ ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ತಲೆದೂಗಿದ್ದು, ಮೂರೂ ಹಿಂಸೆ. ಮನಸ್ಸು, ಮಾತು, ಮೈ ಈ ಮೂರರಲ್ಲಿ ಯಾವುದರಿಂದ ನಡೆದರೂ ಹಿಂಸೆ. ಈ ನಿಲುವನ್ನು ಕನ್ನಡದಲ್ಲಿ ಮರೆಯಲಾಗದಂತೆ ಕತೆಯಾಗಿಸಿದ್ದು 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’. ರಾಜ ಯಶೋಧರ ಜೀವಬಲಿ ಒಲ್ಲೆನೆಂದಾಗ ತಾಯಿ ಚಂದ್ರಮತಿ ಹಿಟ್ಟಿನ ಕೋಳಿ ಬಲಿ ಕೊಡೋಣ ಎನ್ನುತ್ತಾಳೆ. ಅಲ್ಲಿ ರಕ್ತ ಹರಿಯುವುದಿಲ್ಲ, ಆದರೆ ಕೊಲ್ಲುವ ಸಂಕಲ್ಪ ಪೂರ್ತಿಯಾಗಿರುತ್ತದೆ. ಅದಕ್ಕಾಗಿ ತಾಯಿ ಮಗ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಸಾಯುತ್ತಾರೆ, ಒಂದು ಜನ್ಮದಲ್ಲಿ ಕೋಳಿಗಳಾಗಿಯೇ ಹುಟ್ಟುತ್ತಾರೆ. ಸಂಕಲ್ಪವೇ ಹಿಂಸೆಯ ಬೀಜ ಎಂಬುದು ಕತೆಯ ತಿರುಳು. ಅದನ್ನು ಒಪ್ಪಿದರೆ ಗಿಣಿಯ ಬಟ್ಟಲನ್ನೂ ಸಂಕಲ್ಪದಿಂದಲೇ ಅಳೆಯಬೇಕಾಗುತ್ತದೆ.

ಹಾಗೆ ಅಳೆದಾಗ ಒಂದೇ ಮಾಂಸದ ಚೂರು ಎರಡು ಮನೆಗಳಲ್ಲಿ ಎರಡು ತೂಕ ತೂಗುತ್ತದೆ. ಮನೆಯವರು ತಮಗೆಂದು ತಂದ ಕೋಳಿಯಲ್ಲಿ ಒಂದು ಚೂರನ್ನು ಗಿಣಿಗೆ ತೆಗೆದಿಟ್ಟರೆ ಅದಕ್ಕಾಗಿ ಇನ್ನೊಂದು ಕೋಳಿ ಸಾಯುವುದಿಲ್ಲ. ತಾವು ಮುಟ್ಟದ ಮಾಂಸವನ್ನು ಗಿಣಿಗೆಂದೇ ಕೊಂಡು ತಂದರೆ ಆ ಸಾವಿಗೆ ಕಾರಣ ಗಿಣಿಯ ಹೆಸರಿನಲ್ಲಿ ನಡೆದ ಅವರ ವ್ಯಾಪಾರ. ಬೌದ್ಧ ಭಿಕ್ಷುಗಳ ಹಳೆಯ ನಿಯಮ ಹಿಡಿದದ್ದು ಈ ಎಳೆಯನ್ನೇ. ತನಗಾಗಿ ಕೊಂದದ್ದನ್ನು ಕಣ್ಣಾರೆ ಕಾಣದಿದ್ದರೆ, ಕಿವಿಯಾರೆ ಕೇಳದಿದ್ದರೆ, ಹಾಗೆಂಬ ಸಂಶಯವೂ ಇಲ್ಲದಿದ್ದರೆ ಭಿಕ್ಷಾಪಾತ್ರೆಗೆ ಬಿದ್ದ ಮಾಂಸವನ್ನು ಸ್ವೀಕರಿಸಬಹುದಿತ್ತು. ಈ ಸಡಿಲಿಕೆಯನ್ನು ಒಪ್ಪದ ಮಹಾಯಾನದ ಲಂಕಾವತಾರ ಸೂತ್ರ ಮಾಂಸವನ್ನು ಪೂರ್ತಿಯಾಗಿ ನಿಷೇಧಿಸಿತು. ಮಾಂಸಕ್ಕೆ ಬೇಡಿಕೆ ಇರುವುದರಿಂದಲೇ ಕೊಲೆ ನಡೆಯುತ್ತದೆ ಎಂಬ ಅದರ ವಾದಕ್ಕೆ ಇಂದಿನ ಕೋಳಿಫಾರಂಗಳ ಕಾಲದಲ್ಲಿ ಬಲ ಹೆಚ್ಚಿದೆ. ಆದರೂ ಉಳಿದದ್ದನ್ನು ಹಂಚುವುದು, ಹೊಸದಾಗಿ ಕೊಲ್ಲಿಸುವುದು ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವೆನಿಸದು.

ಮಾಂಸಾಹಾರಿ ಜೀವಕ್ಕೆ ಅದರ ಆಹಾರ ತಪ್ಪಿಸುವುದು ಧರ್ಮವೇ ಎಂಬ ಎದುರು ಪ್ರಶ್ನೆಯನ್ನು ಎತ್ತಿದ್ದು ಮಹಾಭಾರತ. ಶಿಬಿಯ ಕತೆಯೆಂದು ಜನಪ್ರಿಯವಾದದ್ದು ವನಪರ್ವದ ಒಂದು ಕಡೆ ಉಶೀನರ ರಾಜನ ಹೆಸರಿನಲ್ಲಿ ಬರುತ್ತದೆ. ಪಾರಿವಾಳ ರಾಜನ ಮರೆಹೊಕ್ಕಾಗ ಗಿಡುಗ ನೇರವಾಗಿ ವಾದಿಸುತ್ತದೆ: ಇದು ನನಗೆ ವಿಧಿ ಕೊಟ್ಟ ಆಹಾರ, ಒಂದು ಜೀವ ಉಳಿಸಲು ನನ್ನನ್ನೂ ನನ್ನ ಮರಿಗಳನ್ನೂ ಕೊಲ್ಲುವೆಯಾ, ಇನ್ನೊಂದು ಧರ್ಮಕ್ಕೆ ಅಡ್ಡಬರುವ ಧರ್ಮ ಧರ್ಮವಲ್ಲ. ರಾಜ ಮೊದಲು ಹೋರಿ, ಹಂದಿ, ಜಿಂಕೆ, ಕೋಣಗಳನ್ನು ಕೊಡಿಸುತ್ತೇನೆ ಎನ್ನುತ್ತಾನೆ. ತಾನು ಪ್ರೀತಿಸುವ ಜೀವಕ್ಕಾಗಿ ಮೂರನೆಯ ಜೀವವನ್ನು ತೆರುವ ದಾರಿ ಅದು. ಗಿಡುಗ ಒಪ್ಪುವುದಿಲ್ಲ, ಕೊನೆಗೆ ರಾಜ ತನ್ನ ಮೈಯನ್ನೇ ತಕ್ಕಡಿಗೆ ಇಡುತ್ತಾನೆ. ಸಾಕುಪ್ರಾಣಿಗೆ ಕೋಳಿ ತರುವ ಪ್ರತಿಯೊಬ್ಬರೂ ಉಶೀನರನ ಆ ಮೊದಲ ದಾರಿಯನ್ನು ಹಿಡಿದವರು. ಬೆಕ್ಕು ಸಾಕಿದವರಿಗೆ ಅದನ್ನು ಬಿಟ್ಟು ಬೇರೆ ದಾರಿಯಿಲ್ಲ. ಗಿಣಿ ಸಾಕಿದವರಿಗೆ ಇದೆ. ಗಿಡುಗದ ವಾದವನ್ನು ಗಿಣಿಯ ಬಾಯಿಯಲ್ಲಿ ಇಡಲಾಗದು, ಮಾಂಸವಿಲ್ಲದೆ ಅದು ಸಾಯುವುದಿಲ್ಲ.

ಅದೇ ವನಪರ್ವದಲ್ಲಿ ಮಿಥಿಲೆಯ ಧರ್ಮವ್ಯಾಧ ತನ್ನ ಮಾಂಸದಂಗಡಿಯಿಂದಲೇ ಬ್ರಾಹ್ಮಣ ಕೌಶಿಕನಿಗೆ ಧರ್ಮ ಹೇಳುತ್ತಾನೆ. ನೇಗಿಲು ಹೂಡಿದರೂ ನೆಲದ ಜೀವಿಗಳು ಸಾಯುತ್ತವೆ, ಪೂರ್ಣ ಅಹಿಂಸೆಯಿಂದ ಬದುಕುವವರು ಯಾರೂ ಇಲ್ಲ ಎನ್ನುತ್ತಾನೆ. ಗಿಣಿ ಸಾಕುವ ಸಸ್ಯಾಹಾರಿ ಮನೆಗಳು ಕಿವಿಗೊಡಬೇಕಾದ ಮಾತಿದು. ಕೋಳಿಯ ಚೂರಿಗೆ ಹೇಸುವ ಮನೆಯ ಪಂಜರದಲ್ಲೂ ಸುಣ್ಣದ ಅಂಶಕ್ಕೆಂದು ಬಿಳಿಯ ಕಟಲ್‌ಬೋನ್ ಕಟ್ಟಿರುತ್ತದೆ. ಅಂಗಡಿಯವರು ಅದನ್ನು ಸಮುದ್ರದ ನೊರೆ ಎಂದು ಮಾರುತ್ತಾರೆ. ಅದು ನೊರೆಯಲ್ಲ, ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು. ಕಟ್ಟುನಿಟ್ಟು ಬೇಕೆನ್ನುವವರಿಗೆ ಖನಿಜದ ಕ್ಯಾಲ್ಸಿಯಂ ಬಿಲ್ಲೆಗಳು ಸಿಗುತ್ತವೆ.

ಹಕ್ಕಿಗಳ ಆಹಾರವನ್ನು ಧರ್ಮದ ಗೆರೆಯಾಗಿ ಎಳೆದ ಸಂಸ್ಥೆಯೊಂದು ದೆಹಲಿಯಲ್ಲಿದೆ. ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದ ಪಕ್ಷಿ ಆಸ್ಪತ್ರೆಯಲ್ಲಿ ಗಾಯಗೊಂಡ ಪಾರಿವಾಳ, ಗಿಣಿಗಳನ್ನು ಒಳಗಿಟ್ಟುಕೊಂಡು ಉಚಿತವಾಗಿ ಆರೈಕೆ ಮಾಡುತ್ತಾರೆ. ಗಿಡುಗ, ಹದ್ದುಗಳು ಬಂದರೆ ಚಿಕಿತ್ಸೆ ಕೊಟ್ಟು ಕಳಿಸುತ್ತಾರೆ, ಒಳರೋಗಿಗಳಾಗಿ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ಮಾಂಸ ಕೊಡಬೇಕಾಗುತ್ತದೆ. ಗಾಯಕ್ಕೆ ಮದ್ದು ಎಲ್ಲರಿಗೂ, ಊಟ ಮಾತ್ರ ತಾವು ಕೊಡಬಲ್ಲವರಿಗೆ ಎಂಬ ಈ ನಿಲುವನ್ನು ಕಟುವೆಂದು ಟೀಕಿಸಬಹುದು. ಆದರೆ ಅದರಲ್ಲಿ ಪ್ರಾಮಾಣಿಕತೆಯಿದೆ. ಗಿಡುಗಕ್ಕೆ ಕಾಳು ತಿನ್ನಿಸಿ ಅದನ್ನು ಸಾತ್ವಿಕವಾಗಿಸುವ ಪ್ರಯತ್ನವನ್ನು ಅವರು ಮಾಡುವುದಿಲ್ಲ.

ಪ್ರಾಣಿಯನ್ನು ಸಾತ್ವಿಕವಾಗಿಸುವ ಆಸೆ ನಮ್ಮಲ್ಲಿ ಬಹಳ ಹಳೆಯದು. ‘ಗೋವಿನ ಹಾಡು’ ಕೇಳಿ ಬೆಳೆದ ಕನ್ನಡದ ಮಕ್ಕಳಿಗೆ ಪುಣ್ಯಕೋಟಿಯ ಸತ್ಯಕ್ಕೆ ಸೋತು ಪ್ರಾಣ ಬಿಟ್ಟ ಹುಲಿಯನ್ನು ಪರಿಚಯಿಸಬೇಕಿಲ್ಲ. ಮನಸ್ಸುಳ್ಳ ಪ್ರಾಣಿಗಳು ಸಣ್ಣ ವ್ರತಗಳನ್ನು ಹಿಡಿಯಬಲ್ಲವು ಎಂದು ಜೈನ ಸಿದ್ಧಾಂತವೂ ಒಪ್ಪುತ್ತದೆ. ಮಹಾವೀರನ ಹಿಂದಿನ ಜನ್ಮವೊಂದರಲ್ಲಿ ಸಿಂಹವೊಂದು ಮುನಿಗಳ ಮಾತು ಕೇಳಿ ಹಿಂಸೆ ತೊರೆದ ಕತೆಯಿದೆ. ಆ ಹುಲಿ, ಆ ಸಿಂಹ ತಾವಾಗಿ ಬಿಟ್ಟವು. ಪಂಜರದ ಗಿಣಿಗೆ ಒಡೆಯ ಮಾಂಸ ಕೊಡದಿದ್ದರೆ ಅದು ಒಡೆಯನ ವ್ರತ, ಗಿಣಿಯದಲ್ಲ. ಕೊಟ್ಟರೆ ಕೆಟ್ಟದ್ದೂ ಗಿಣಿಯಲ್ಲ. ಈ ವ್ಯತ್ಯಾಸ ತಿಳಿಯದೆ ಮನುಷ್ಯ ಪ್ರಾಣಿಯ ಮೇಲೆ ಅಪರಾಧ ಹೊರಿಸಿದಾಗ ಏನಾಗುತ್ತದೆ ಎಂಬುದಕ್ಕೆ ಕಿಯಾ ಗಿಣಿಯ ಚರಿತ್ರೆಯೇ ಸಾಕ್ಷಿ. ಕುರಿ ಕುಕ್ಕಿದ ತಪ್ಪಿಗೆ ಅದರ ಕೊಕ್ಕಿಗೆ ಬಹುಮಾನ ಕಟ್ಟಿ, ನೂರು ವರ್ಷಗಳ ಅವಧಿಯಲ್ಲಿ ಸುಮಾರು 1,50,000 ಹಕ್ಕಿಗಳನ್ನು ಕೊಂದರು. ಅದಕ್ಕೆ ಕಾನೂನಿನ ಪೂರ್ಣ ರಕ್ಷಣೆ ಸಿಕ್ಕಿದ್ದು 1986ರಲ್ಲಿ.

ಆಹಾರದ ಪ್ರಶ್ನೆಯನ್ನು ಇಷ್ಟು ಬಿಡಿಸಿದ ಮೇಲೆ, ಅದಕ್ಕಿಂತ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಎದುರಾಗುತ್ತದೆ. ಉಮಾಸ್ವಾತಿಯ ತತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಗೃಹಸ್ಥನ ಅಹಿಂಸಾವ್ರತಕ್ಕೆ ಭಂಗ ತರುವ ಐದು ದೋಷಗಳನ್ನು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಯಾದ ಹೊರೆ ಹೊರಿಸುವುದು, ಅನ್ನ ನೀರು ತಡೆಯುವುದು. ಮೊದಲನೆಯದೇ ಬಂಧನ. ಹಾರಲು ಹುಟ್ಟಿದ, ಗುಂಪಿನಲ್ಲಿ ಕೂಗಾಡುತ್ತ ಮೈಲಿಗಟ್ಟಲೆ ಸುತ್ತುವ ಹಕ್ಕಿಯನ್ನು ಎರಡಡಿ ಪಂಜರದಲ್ಲಿ ಕೂಡಿಹಾಕಿ, ರೆಕ್ಕೆ ಕತ್ತರಿಸಿ, ಬರೀ ಸೂರ್ಯಕಾಂತಿ ಬೀಜ ಹಾಕಿ ಬೊಜ್ಜು ಬೆಳೆಸಿದ ಮನೆ ಐದರಲ್ಲಿ ಎರಡು ದೋಷಗಳನ್ನು ಆಗಲೇ ಮಾಡಿದೆ. ಅಂಥ ಮನೆಯಲ್ಲಿ ಮಾಂಸ ಕೊಡಬಹುದೇ ಎಂಬ ಧರ್ಮಸೂಕ್ಷ್ಮ ಎಷ್ಟು ಚರ್ಚಿಸಿದರೂ ಗಿಣಿಗೆ ಅದರಿಂದ ಏನೂ ಸಿಗುವುದಿಲ್ಲ. ಹಕ್ಕಿಗೆ ಬೇಕಾದ ಜಾಗ, ಜೊತೆ, ಸರಿಯಾದ ಆಹಾರ ಕೊಟ್ಟ ಮನೆಯಲ್ಲಿ ಮಾಂಸದ ಒಂದು ಚೂರು ಕೊಟ್ಟರೂ ಬಿಟ್ಟರೂ ದೊಡ್ಡ ವ್ಯತ್ಯಾಸವಾಗದು. ಕೊಡದಿರುವುದೇ ಮೇಲು ಎನ್ನಲು ಕಾರಣಗಳು ಹೆಚ್ಚಿವೆ, ಮೂಳೆಯನ್ನಂತೂ ಬಿಡುವುದೇ ಲೇಸು.

ಕಾನೂನು ಈ ವಿಷಯದಲ್ಲಿ ಶಾಸ್ತ್ರಗಳಿಗಿಂತ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಭಾರತದ ಕಾಡು, ತೋಟಗಳ ಗಿಣಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು ಅಪರಾಧ. ಆಫ್ರಿಕನ್ ಗ್ರೇಯಂಥ ವಿದೇಶಿ ಗಿಣಿಗಳನ್ನು ಸಾಕುವವರು 2024ರ ನಿಯಮಗಳಂತೆ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮನೆಯ ಪಂಜರದಲ್ಲಿ ಈಗಾಗಲೇ ನಮ್ಮ ಹಸಿರು ಗಿಣಿ ಇದ್ದರೆ ಕಿಟಕಿ ತೆರೆದು ಹಾರಿಬಿಡಬೇಡಿ. ಆಹಾರ ಹುಡುಕಲು, ಶತ್ರುವಿನಿಂದ ತಪ್ಪಿಸಿಕೊಳ್ಳಲು ಕಲಿಯದ ಹಕ್ಕಿ ಹೊರಗೆ ಹೆಚ್ಚು ದಿನ ಬಾಳದು. ಹತ್ತಿರದ ಅರಣ್ಯ ಇಲಾಖೆಗೋ ಅದರ ಮಾನ್ಯತೆ ಪಡೆದ ಪುನರ್ವಸತಿ ಕೇಂದ್ರಕ್ಕೋ ಒಪ್ಪಿಸಿ.